ಕಂಬಳಿ ಓಣಿಯಲ್ಲಿ ಕುಂತವಳು

ಹೋದ ವಾರ ನನ್ನ ವಿದ್ಯಾರ್ಥಿನಿಯೊಬ್ಬಳು ಕಿರುಚಿತ್ರದ ಯೋಜನೆ ಹಿಡಿದುಕೊಂಡು ಬಂದಳು. ಇಟ್ಟಿಗಿ ಕಡೆಯ ಹುಡುಗಿ, ಚುರುಕು. ತಮ್ಮೂರಿನ ಬಳೆಗಾರರ ಬಗ್ಗೆ ಚಿತ್ರ ಮಾಡಬೇಕಂತೆ. 'ಸಂಶೋಧನೆ' ಎಂದು ದಪ್ಪಕ್ಷರದಲ್ಲಿ ಬರೆದ ಹಾಳೆಯ ಕೆಳಗೆ ಐವತ್ತು ಪ್ರಶ್ನೆಗಳು ಸಾಲಾಗಿ ನಿಂತಿದ್ದವು. ನಾನು ಹಾಳೆಯನ್ನು ಮಡಚಿ ಅವಳ ಕೈಗೇ ಕೊಟ್ಟು, "ಇದನ್ನ ಮನೆಯಲ್ಲಿ ಇಟ್ಟು ಹೋಗು. ಹತ್ತು ದಿನ ಅವರ ಜೊತೆ ಸುಮ್ಮನೆ ಕೂತು ಬಾ. ಕೇಳಿದರೆ ಹೇಳ್ತಾರೆ, ಕೂತರೆ ತೋರಿಸ್ತಾರೆ" ಎಂದೆ. ಹುಡುಗಿ ಕಣ್ಣರಳಿಸಿದಳು. "ಎಷ್ಟ್ ಚಲೋ ಮಾತು ಮೇಡಂ! ಯಾರು ಹೇಳಿಕೊಟ್ಟಿದ್ದು ನಿಮಗ?"

"ಯಾರೂ ಇಲ್ಲಮ್ಮ, ಅನುಭವ" ಎಂದೆ.

ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಅದೇ ಮಾತನ್ನು ನನ್ನದೆಂದು ಹೇಳಿ ಹೇಳಿ, ಅದಕ್ಕೆ ಗಾಂಭೀರ್ಯದ ಒಂದು ಮುಖವನ್ನೂ ರೂಢಿಸಿಕೊಂಡುಬಿಟ್ಟಿದ್ದೇನೆ. ಆ ಮಾತು ನನ್ನದಲ್ಲ. ನನ್ನ ಜೊತೆ ಓದಿದ ಒಬ್ಬಳದು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವಳಿಗೆ ಸಂಕೋಚವಾದೀತು ಎಂಬುದು ಹೇಳಿಕೊಳ್ಳಲು ಚೆನ್ನಾಗಿರುವ ಕಾರಣ. ಆ ಹೆಸರು ಬರೆಯಬೇಕೆಂದರೆ ಈಗಲೂ ನನ್ನ ಕೈ ಸಲೀಸಾಗಿ ಓಡುವುದಿಲ್ಲ ಎಂಬುದು ನಿಜವಾದ ಕಾರಣ.

ಅವಳು ಹರಪನಹಳ್ಳಿಯ ಟೇಲರೊಬ್ಬರ ಮಗಳು. ನಾನು ಕೊಟ್ಟೂರಿನ ಹೈಸ್ಕೂಲು ಮೇಷ್ಟರ ಮಗಳು. ತೊಂಬತ್ತರ ದಶಕದ ಕೊನೆಯಲ್ಲಿ ಇಬ್ಬರೂ ದಾವಣಗೆರೆಯ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದೆವು. ಸೋಮವಾರ ಬೆಳಗಿನ ಬಸ್ಸನ್ನು ನಾನು ಕೊಟ್ಟೂರಿನಲ್ಲಿ ಹತ್ತಿ ಕಿಟಕಿ ಪಕ್ಕ ಕೂತಿರುತ್ತಿದ್ದೆ, ಅವಳು ಹರಪನಹಳ್ಳಿಯಲ್ಲಿ ಹತ್ತುತ್ತಿದ್ದಳು. ಮೊದಲ ದಿನ ಬಂದು ಪಕ್ಕದಲ್ಲಿ ಕೂತವಳೇ, ಪರಿಚಯವಿಲ್ಲ ಪಾಡಿಲ್ಲ, ನನ್ನ ಹೊಸ ದುಪಟ್ಟಾದ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿಕ್ಕಿದಳು. "ಇದು ಹತ್ತಿ ಅಲ್ಲ. ಹತ್ತಿ ಅಂತ ಹೇಳಿ ಕೊಟ್ಟಾರ ನಿನಗ" ಎಂದಳು. ಹಬ್ಬಕ್ಕೆಂದು ಅಪ್ಪ ತಂದುಕೊಟ್ಟ ದುಪಟ್ಟಾ ಅದು. ಮನೆಗೆ ಹೋಗಿ ನೀರಲ್ಲಿ ನೆನೆಸಿ ನೋಡಿದೆ, ಅವಳು ಹೇಳಿದ್ದೇ ನಿಜವಾಗಿತ್ತು. ಅವತ್ತಿನಿಂದಲೇ ಅವಳೆಂದರೆ ನನಗೆ ಆಗುತ್ತಿರಲಿಲ್ಲ.

ಬಟ್ಟೆ ತಿಕ್ಕುವುದು ಅವಳ ಚಾಳಿ. ಯಾರ ಜೊತೆ ಮಾತಾಡಿದರೂ ಕೈ ಅವರ ಸೆರಗಿಗೋ ತೋಳಿಗೋ ಹೋಗುತ್ತಿತ್ತು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಜನ ಕೈ ಒದರುತ್ತಿದ್ದರು, ಅವಳಿಗೆ ಮಾತ್ರ ಸೆರಗು ಕೊಟ್ಟು ನಿಲ್ಲುತ್ತಿದ್ದರು. ಅವಳ ಇನ್ನೊಂದು ಚಾಳಿ 'ಗೊತ್ತಿಲ್ಲ' ಎನ್ನುವುದು. ನಮ್ಮ ತರಗತಿಯಲ್ಲಿ ಸರ್ ಪ್ರಶ್ನೆ ಕೇಳಿದರೆ ಮೊದಲು ಎತ್ತುವ ಕೈ ನನ್ನದು, ಉತ್ತರ ಗೊತ್ತಿದ್ದರೂ ಸೈ, ಇಲ್ಲದಿದ್ದರೂ ಸೈ. ಅವಳು ಮಾತ್ರ ಎದ್ದು ನಿಂತು, ಊಟ ಆಯ್ತು ಅನ್ನುವಷ್ಟು ನಿರಾಳವಾಗಿ "ಗೊತ್ತಿಲ್ಲ ಸರ್, ನೋಡಿಕೊಂಡು ಬಂದು ಹೇಳ್ತೀನಿ" ಎಂದು ಕೂತುಬಿಡುತ್ತಿದ್ದಳು. ಎರಡು ದಿನ ಬಿಟ್ಟು ನಿಜಕ್ಕೂ ನೋಡಿಕೊಂಡು ಬಂದು ಹೇಳುತ್ತಿದ್ದಳು. ಅಷ್ಟರಲ್ಲಿ ಆ ಪ್ರಶ್ನೆಯನ್ನು ಸರ್ ಕೂಡ ಮರೆತಿರುತ್ತಿದ್ದರು.

ಲೈಬ್ರರಿಯ ಗುಮಾಸ್ತರು ನನಗೆ ಒಂದು ಪುಸ್ತಕ ಕೊಡಬೇಕಾದರೆ ಮೂರು ಸಲ ಅಲೆಸುತ್ತಿದ್ದರು. ಒಂದು ದಿನ ನೋಡುತ್ತೇನೆ, ಬೀಗ ಹಾಕಿಟ್ಟ ಕಪಾಟಿನ ಬೀಗದಕೈ ಅವಳ ಹತ್ತಿರ! ಕೇಳಿದರೆ, "ಅವರ ಅಂಗಿ ಕಾಲರ್ ತಿರುವಿ ಹೊಲಿದು ಕೊಟ್ಟೆ, ಅಷ್ಟೇ" ಎಂದಳು. ಇದು ಲಂಚವಲ್ಲವೇ ಎಂದು ನಾನು ಗೆಳತಿಯರ ಮುಂದೆ ಗೊಣಗಿದೆ. ಒಬ್ಬಳು, "ನೀನೂ ಹೊಲಿದು ಕೊಡಲೇ, ಬ್ಯಾಡ ಅಂದವರ್ಯಾರು" ಎಂದು ನಕ್ಕಳು. ನನಗೆ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ.

ಅವಳಲ್ಲಿ ದೋಷ ಹುಡುಕಲು ನಾನೇನು ಕಡಿಮೆ ಪ್ರಯತ್ನ ಮಾಡಲಿಲ್ಲ. ಸಿಕ್ಕವು ಇಷ್ಟು: ಯಾವ ಕೆಲಸವನ್ನೂ ಹೊತ್ತಿಗೆ ಸರಿಯಾಗಿ ಮುಗಿಸುತ್ತಿರಲಿಲ್ಲ, ಇಸಿದುಕೊಂಡ ಪೆನ್ನನ್ನು ವಾಪಸ್ಸು ಕೊಡುತ್ತಿರಲಿಲ್ಲ, ಬಸ್ಸಿನಲ್ಲಿ ನಿದ್ದೆ ಬಂದರೆ ನನ್ನ ಹೆಗಲ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಇಷ್ಟರಿಂದ ಯಾರನ್ನಾದರೂ ದ್ವೇಷಿಸಲು ಸಾಧ್ಯವೇ? ನಾನು ಕೈಲಾದಷ್ಟು ಮಾಡಿದೆ.

ಕೊನೆಯ ವರ್ಷ ಚಿತ್ರದ ಯೋಜನೆ ಬಂತು. ವಿಭಾಗಕ್ಕೆ ಸ್ವಂತ ಕ್ಯಾಮೆರಾ ಇರಲಿಲ್ಲ. ಕೊಟ್ಟೂರಿನಲ್ಲಿ ಮದುವೆ ವಿಡಿಯೋ ಮಾಡುವ ಬಸಣ್ಣ ಎಂಬುವವರು ಸರ್ ಅವರ ಪರಿಚಯಸ್ಥರು, ತಮ್ಮ ಕ್ಯಾಮೆರಾದೊಂದಿಗೆ ಬಂದು ಚಿತ್ರೀಕರಿಸಿ ಕೊಡುತ್ತೇನೆಂದು ಒಪ್ಪಿದ್ದರು. ಹೀಗಾಗಿ ಇಡೀ ತಂಡಕ್ಕೆ ಒಂದೇ ಚಿತ್ರ. ವಿಷಯ, ನಮ್ಮ ಸೀಮೆಯ ಕಂಬಳಿ ನೇಯ್ಗೆ. ಸರ್ ನಮ್ಮಿಬ್ಬರನ್ನು ಕರೆದು, "ಹದಿನೈದು ದಿನ ಕೊಡ್ತೀನಿ. ಇಬ್ಬರೂ ಬೇರೆ ಬೇರೆ ಸಂಶೋಧನೆ ಮಾಡಿ ವರದಿ ಬರೀರಿ. ಯಾರ ವರದಿ ಚೆನ್ನಾಗಿರುತ್ತೋ ಅವರು ನಿರ್ದೇಶಕಿ, ಇನ್ನೊಬ್ಬರು ಸಹಾಯಕಿ" ಎಂದರು. ಚಿತ್ರದ ಕೊನೆಯಲ್ಲಿ 'ನಿರ್ದೇಶನ' ಎಂಬ ಪದದ ಕೆಳಗೆ ಒಂದೇ ಒಂದು ಹೆಸರು ಬರುತ್ತದೆ. ಆ ಹೆಸರು ನನ್ನದಾಗಬೇಕಿತ್ತು. ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಆ ಅಕ್ಷರಗಳು ಹೇಗೆ ಕಾಣಬೇಕೆಂದು ಬರೆದೂ ನೋಡಿದ್ದೆ.

ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯ ಬದಿಗೆ ಒಂದು ಊರು. ಅಲ್ಲೊಂದು ಕಂಬಳಿ ಓಣಿ. ಕುರಿ ಸಾಕುವವರೂ ಅವರೇ, ಉಣ್ಣೆ ನೂಲುವವರೂ ಅವರೇ, ನೇಯುವವರೂ ಅವರೇ. ಓಣಿಗೆಲ್ಲ ಹಿರಿಯಳು ಮೈಲಮ್ಮಜ್ಜಿ. ಅವಳ ಮನೆಯ ಪಡಸಾಲೆಯಲ್ಲಿ, ಗೋಡೆಗೆ ನೇತುಹಾಕಿದ ಮೈಲಾರಲಿಂಗನ ಪಟದ ಕೆಳಗೆ, ನಾವಿಬ್ಬರೂ ಮೊದಲ ದಿನ ಒಟ್ಟಿಗೇ ಹೋಗಿ ಕೂತೆವು. ನನ್ನ ಹತ್ತಿರ ನಲವತ್ತು ಪ್ರಶ್ನೆಗಳಿದ್ದವು.

"ಅಜ್ಜಿ, ಈ ವೃತ್ತಿ ನಿಮ್ಮ ಮನೆತನದಲ್ಲಿ ಎಷ್ಟು ತಲೆಮಾರಿನಿಂದ ನಡೆದುಕೊಂಡು ಬಂದಿದೆ?"

"ನಮ್ಮ ಹಿರ್ಯಾರು ಮಾಡ್ತಿದ್ರು ಯವ್ವಾ, ನಾವೂ ಮಾಡಾಕತ್ತೀವಿ."

"ಉಣ್ಣೆಯಲ್ಲಿ ಎಷ್ಟು ವಿಧ?"

"ಕರೇದು ಐತಿ, ಬಿಳೇದು ಐತಿ."

"ನೇಯ್ಗೆಯಲ್ಲಿ ನೀವು ಎದುರಿಸುತ್ತಿರುವ ಸವಾಲುಗಳೇನು?"

ಅಜ್ಜಿ ಸೊಸೆ ನಿಂಗಮ್ಮನ ಕಡೆ ತಿರುಗಿದಳು. "ಏನ್ ಕೇಳಾಕತ್ಯಾಳ ಈಕಿ?"

ಮಧ್ಯಾಹ್ನದ ಹೊತ್ತಿಗೆ ನಲವತ್ತೂ ಮುಗಿದವು. ಉತ್ತರಗಳೆಲ್ಲ ಸೇರಿ ಎರಡು ಪುಟ ತುಂಬಲಿಲ್ಲ. 'ಮಾಹಿತಿದಾರರಲ್ಲಿ ಅರಿವಿನ ಕೊರತೆ ಎದ್ದು ಕಾಣುತ್ತದೆ' ಎಂದು ನಾನು ಬರೆದುಕೊಂಡೆ. ಅಷ್ಟು ಹೊತ್ತೂ ಅವಳು ಬಾಯಿ ಬಿಟ್ಟಿರಲಿಲ್ಲ. ಬುಟ್ಟಿಯಲ್ಲಿದ್ದ ಉಣ್ಣೆಯನ್ನು ಚಿವುಟಿಕೊಂಡು ಬೆರಳಲ್ಲಿ ತಿಕ್ಕುತ್ತ ಕೂತಿದ್ದಳು. ನಾನು ಚೀಲ ಹೆಗಲಿಗೆ ಹಾಕಿಕೊಳ್ಳುವಾಗ, "ಅಜ್ಜಿ, ಇದು ಭಾಳ ಮೆತ್ತಗ ಐತಲ್ಲ, ಮರೀದಾ?" ಎಂದಳು.

ಅಜ್ಜಿ ನೂಲುವುದನ್ನು ನಿಲ್ಲಿಸಿ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದಳು. "ಏ ನಿಂಗೀ, ಈಕಿ ಕೈ ಗುರ್ತು ಹಿಡೀತು ನೋಡ! ಹೌದ ಯವ್ವಾ, ಮೊದ್ಲ ಸಲ ಕತ್ತರಿಸಿದ ಮರೀದು. ನಿಮ್ಮವ್ವ ನೂಲ್ತಾಳೇನು?"

"ಇಲ್ಲಜ್ಜಿ, ಅಪ್ಪ ಅಂಗಿ ಹೊಲಿತಾನ."

"ಬಾ, ಇಲ್ಲಿ ಕುಂದ್ರು."

ಅವಳು ಕುಂತಳು. ಕುಂತವಳು, ನಡುವಿನ ಒಂದು ಭಾನುವಾರ ಬಿಟ್ಟರೆ, ಹನ್ನೊಂದು ದಿನ ಆ ಊರು ಬಿಟ್ಟು ಏಳಲಿಲ್ಲ. ನನ್ನ ನಲವತ್ತು ಪ್ರಶ್ನೆಗೆ ತೆರೆಯದ ಬಾಗಿಲು ಅವಳ ಒಂದು ಚಿಟಿಕೆ ಉಣ್ಣೆಗೆ ತೆರೆಯಿತು. ಬಸ್ಸಿಗೆ ಕಾಯುತ್ತ ನಿಂತಾಗ ನನಗೆ ಅಳುವೇ ಬಂತು, ಸಿಟ್ಟಿನ ಅಳು.

ನಾನು ದಿನಾ ಹತ್ತು ಗಂಟೆಯ ಬಸ್ಸಿಗೆ ಹೋಗಿ ನಾಲ್ಕಕ್ಕೆ ವಾಪಸ್ಸಾಗುತ್ತಿದ್ದೆ. ಹೋದಾಗಲೆಲ್ಲ ಅವಳು ಏನಾದರೊಂದು ಮಾಡುತ್ತಿದ್ದಳು. ನೂಲಲು ಕಲಿಯುತ್ತಿದ್ದಳು, ಎಳೆ ಹರಿಯುತ್ತಿತ್ತು, ಓಣಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನೂಲಿಗೆ ಬಳಿಯುವ ಗಂಜಿಗೆಂದು ಹುರಿದ ಹುಣಸೆ ಬೀಜ ಬೀಸಿ ಬೀಸಿ ಅಂಗೈಯಲ್ಲಿ ಗುಳ್ಳೆ ಎದ್ದಿದ್ದವು. ನಾಲ್ಕನೆಯ ದಿನಕ್ಕೆ ಅವಳು ಅವರಿಗೆಲ್ಲ 'ನಮ್ಮ ಹುಡುಗಿ'. ನಾನು ಕೊನೆಯವರೆಗೂ 'ಮೇಡಂ'. ನನ್ನನ್ನು ಕಂಡರೆ ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಅವಳನ್ನು ಕಂಡರೆ "ಎಲ್ಲಿ ಸತ್ತಿದ್ದಿ ಇಷ್ಟೊತ್ತು" ಎಂದು ಬೈಯುತ್ತಿದ್ದರು. ಹಾಗೆ ಬೈಸಿಕೊಳ್ಳಲು ಜೀವ ಹಾತೊರೆಯುತ್ತಿತ್ತು ಎಂದರೆ ಯಾರಾದರೂ ನಂಬುತ್ತಾರೆಯೇ?

ಮಧ್ಯಾಹ್ನ ನಾನು ಬೇವಿನಮರದ ಕೆಳಗೆ ಒಬ್ಬಳೇ ಕೂತು ಡಬ್ಬಿಯ ಚಿತ್ರಾನ್ನ ಬಿಚ್ಚಿದರೆ ಅವಳು ಬಾಗಿಲಿನಿಂದ ಕೂಗುವಳು: "ಬಾರಲೇ, ಅಜ್ಜಿ ಪುಂಡಿಪಲ್ಯ ಮಾಡ್ಯಾಳ, ರೊಟ್ಟಿ ಬಿಸಿ ಅದಾವ." ನಾನು ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ. ಸುಳ್ಳೇನಲ್ಲ, ಹೊಟ್ಟೆ ಉರಿಯುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ನೀನು ಏನೂ ಕೇಳಂಗಿಲ್ಲ, ಏನೂ ಬರಕಳಂಗಿಲ್ಲ. ಇದೆಂಥಾ ಸಂಶೋಧನಿ?"

"ಬರಿಯಾಕ ಹತ್ತಿದ್ರ ಅವರ ಕಣ್ಣು ನನ್ನ ಪೆನ್ನಿನ ಮ್ಯಾಲ ಬೀಳ್ತೈತಿ" ಎಂದಳು. "ಕೆಲಸದ ಮ್ಯಾಲಿರೋ ಕಣ್ಣು ನಾ ನೋಡಬೇಕು. ಕೇಳಿದ್ರ ಹೇಳ್ತಾರಲೇ, ಕುಂತ್ರ ತೋರಿಸ್ತಾರ."

ಹಾಗೆಂದು ಅವಳು ಬರೆಯುತ್ತಲೇ ಇರಲಿಲ್ಲವೆಂದಲ್ಲ. ಎಲ್ಲರೂ ಆಚೆ ಈಚೆ ಹೋದಾಗ ಹಿತ್ತಿಲ ಕಲ್ಲಿನ ಮೇಲೆ ಕೂತು ಗೀಚುತ್ತಿದ್ದಳು. ಹಾಳೆಗಳು ಅಪ್ಪನ ಅಂಗಡಿಯ ಹಳೆಯ ಅಳತೆ ಚೀಟಿಗಳು. ಒಂದು ಮಗ್ಗುಲಿಗೆ ಯಾರದೋ ಎದೆ, ಸೊಂಟ, ತೋಳಿನ ಅಳತೆ. ಇನ್ನೊಂದು ಮಗ್ಗುಲಿಗೆ ಕಂಬಳಿ ಓಣಿ. ಆ ಚೀಟಿಗಳ ಕಟ್ಟು ನನ್ನ ಕೈಗೆ ಸಿಕ್ಕಿದ್ದು ನಡುವೆ ಬಂದ ಭಾನುವಾರ.

ಅವತ್ತು ನಾನೇ ಅವಳನ್ನು ಕೊಟ್ಟೂರಿನ ನಮ್ಮ ಮನೆಗೆ ಕರೆದಿದ್ದೆ. ತಲೆಗೆ ಎರೆದುಕೊಂಡು, ಉಂಡು ಹೋಗಲಿ ಎಂದು. ಪ್ರೀತಿಯಿಂದ ಕರೆದೆ ಎಂದೇ ಆಗ ಅಂದುಕೊಂಡಿದ್ದೆ. ಬಂದವಳು ಅರ್ಧ ಗಂಟೆಯಲ್ಲಿ ನನ್ನವ್ವನನ್ನೂ ಬುಟ್ಟಿಗೆ ಹಾಕಿಕೊಂಡಳು. ಅವ್ವನ ರವಿಕೆಯ ಕಂಕುಳ ಹೊಲಿಗೆ ಬಿಟ್ಟಿತ್ತು. ವರ್ಷದಿಂದ ಅದು ಹಾಗೇ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಸೂಜಿ ದಾರ ಕೇಳಿ ಹೊಲಿದು ಕೊಟ್ಟಳು. "ನೋಡಿ ಕಲೀ" ಎಂದು ಅವ್ವ ನನಗೆ ಹೇಳಿ ಅವಳಿಗೆ ಇನ್ನೊಂದು ಹೋಳಿಗೆ ಬಡಿಸಿದಳು. ಉಂಡು ನಡುಮನೆಯ ಮಂಚದ ಮೇಲೆ ಅಡ್ಡಾದವಳು ಗೊರಕೆ ಹೊಡೆಯತೊಡಗಿದಳು. ಅವಳ ಚೀಲ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು.

ಚೀಟಿಗಳಲ್ಲಿ ಹೀಗೆಲ್ಲ ಇತ್ತು: 'ಅಜ್ಜಿ ನೂಲುವಾಗ ಎಡಗಣ್ಣು ಮುಚ್ಚುತ್ತಾಳೆ. ಯಾಕೆ, ಗೊತ್ತಿಲ್ಲ.' 'ಕಪ್ಪು ಉಣ್ಣೆಯಲ್ಲಿ ಒಂದೊಂದು ಬಿಳಿ ಕೂದಲು ಬಂದರೆ ತೆಗೆಯುವುದಿಲ್ಲ. ಯಾಕೆ, ಗೊತ್ತಿಲ್ಲ.' 'ಗಂಜಿ ಹಚ್ಚಿದ ಹಾಸು ಒಣಗುವ ತನಕ ಕುಂಚ ನಿಲ್ಲಬಾರದು.' ಮಗ್ಗಕ್ಕೆ ಏರಿಸುವ ಮೊದಲು ಉದ್ದುದ್ದ ಎಳೆಗಳನ್ನು ಓಣಿಯ ತುಂಬ ಬಿಗಿದು ಕಟ್ಟುತ್ತಾರಲ್ಲ, ಅದು ಹಾಸು. ಅದಕ್ಕೆ ಹುಣಸೆ ಬೀಜದ ಗಂಜಿ ಬಳಿದು ಕುಂಚದಿಂದ ತೀಡುತ್ತಾರೆ. ನಾನು ಮಂಚದ ಕಡೆ ಒಂದು ಕಣ್ಣಿಟ್ಟು ಎಲ್ಲವನ್ನೂ ನಕಲು ಮಾಡಿಕೊಂಡೆ. 'ಗೊತ್ತಿಲ್ಲ'ಗಳನ್ನು ಮಾತ್ರ ಬಿಟ್ಟೆ.

ನನ್ನ ವರದಿ ಮೂವತ್ತೆರಡು ಪುಟವಾಯಿತು. ಟೈಪು ಮಾಡಿಸಿ, ರಟ್ಟು ಹಾಕಿಸಿದೆ. ಅವಳ ಕುಂಚದ ಸಾಲು ನನ್ನ ಕೈಯಲ್ಲಿ ಅಲಂಕಾರ ಮಾಡಿಕೊಂಡು, 'ಈ ಶ್ರಮಜೀವಿಗಳ ಬದುಕಿನಂತೆಯೇ ಹಾಸಿನ ಮೇಲೆ ಓಡುವ ಕುಂಚಕ್ಕೂ ವಿರಾಮವೆಂಬುದಿಲ್ಲ' ಎಂದಾಯಿತು. ಅವಳು ಕೊಟ್ಟದ್ದು ನಾಲ್ಕೇ ಪುಟ. ಅದರಲ್ಲಿ ಕೊನೆಯ ಎರಡು ಪುಟಕ್ಕೆ 'ಇನ್ನೂ ಗೊತ್ತಾಗದೆ ಇರುವುದು' ಎಂಬ ತಲೆಬರಹ. ಸರ್ ತರಗತಿಯಲ್ಲಿ ನನ್ನ ಸಾಲನ್ನು ಎಲ್ಲರಿಗೂ ಓದಿ ಹೇಳಿದರು. "ಇದು ಬರವಣಿಗೆ!" ಎಂದರು. ನಾನು ನಿರ್ದೇಶಕಿಯಾದೆ.

ಅವಳು ಆ ಸಾಲು ಕೇಳಿ ಒಮ್ಮೆ ನನ್ನ ಕಡೆ ನೋಡಿದಳು. ಹೊರಗೆ ಬಂದ ಮೇಲೆ ನಾನೇ ಮುಂದಾಗಿ, "ಅದು... ನಿನ್ನ ಚೀಟಿಯೊಳಗ ಕಂಡಿತ್ತು, ಹಂಗ ಬರೆದೆ" ಎಂದು ತೊದಲಿದೆ. ಜಗಳ ಮಾಡಲಿ, ಸರ್ ಹತ್ತಿರ ಹೋಗಲಿ, ನನಗೂ ಒಂದು ಜಗಳ ಬೇಕಿತ್ತು. ಅವಳು, "ಅದಕ್ಯಾಕ ಇಷ್ಟು ಬೆವರ್ತೀ? ಅದು ಅಜ್ಜಿ ಮಾತಲೇ, ನಂದೂ ಅಲ್ಲ ನಿಂದೂ ಅಲ್ಲ. ಯಾರ್ ಬರದ್ರ ಏನು" ಎಂದು ನನ್ನ ಪೆನ್ನು ಇಸಿದುಕೊಂಡು ಹೋದಳು. ಪೆನ್ನು ವಾಪಸ್ಸು ಬರಲಿಲ್ಲ. ಕದ್ದವಳು ನಾನಾದರೂ ದೊಡ್ಡವಳಾದದ್ದು ಅವಳು. ಇದನ್ನು ನಾನು ಹೇಗೆ ಕ್ಷಮಿಸಲಿ?

ಚಿತ್ರೀಕರಣದ ದಿನ ಬೆಳಗ್ಗೆಯೇ ಓಣಿಯಲ್ಲಿ ಹಾಸು ಕಟ್ಟಿದ್ದರು. ಈ ತುದಿಯಿಂದ ಆ ತುದಿಗೆ ಕಪ್ಪು ಎಳೆಗಳು, ಮೇಲೆ ಎಳೆಬಿಸಿಲು. ಬಸಣ್ಣ ಕಟ್ಟೆಯ ಮೇಲೆ ಕ್ಯಾಮೆರಾ ನಿಲ್ಲಿಸಿದರು. ನಾನು ಅಜ್ಜಿಗೂ ನಿಂಗಮ್ಮನಿಗೂ ಇನ್ನಿಬ್ಬರು ಗಂಡಸರಿಗೂ ನಾಲ್ಕು ನಾಲ್ಕು ಸಲ ಪಾಠ ಹೇಳಿದ್ದೆ: "ನಾನು ಶುರು ಅಂದರೆ ಶುರು ಮಾಡಬೇಕು. ನಿಲ್ಲಿ ಅಂದರೆ ಅಲ್ಲೇ ನಿಲ್ಲಬೇಕು. ಕ್ಯಾಮೆರಾ ಕಡೆ ನೋಡಬಾರದು." ಅವರು ಹೂಂಗುಟ್ಟಿದ್ದರು. ಅವಳನ್ನು ಓಣಿಯ ಆ ತುದಿಗೆ ನಿಲ್ಲಿಸಿದ್ದೆ, ಜನ ದನ ಅಡ್ಡ ಬರದಂತೆ ತಡೆಯಲು. ಸಹಾಯಕಿಗೆ ಅದೇ ಕೆಲಸ ಸಾಕೆನಿಸಿತ್ತು. ಕ್ಯಾಮೆರಾದಿಂದ ಅವಳು ಆದಷ್ಟು ದೂರ ಇರಲಿ ಎಂದೂ ಇತ್ತು.

ಶುರು ಎಂದೆ. ಗಂಜಿ ಬಳಿಯುತ್ತ, ಕುಂಚ ತೀಡುತ್ತ ನಾಲ್ವರೂ ಹಾಸಿನ ಎರಡೂ ಮಗ್ಗುಲಿಗೆ ಹೆಜ್ಜೆ ಹಾಕತೊಡಗಿದರು. ನೋಡಲು ಎಷ್ಟು ಚೆಂದವಿತ್ತು! ಅಷ್ಟರಲ್ಲಿ ಹಿಂದಿನ ಗೋಡೆಗೆ ಒರಗಿಸಿದ್ದ ಒಂದು ಸೈಕಲ್ಲು ನನ್ನ ಕಣ್ಣಿಗೆ ಬಿತ್ತು. ನನ್ನ ಚಿತ್ರದಲ್ಲಿ ಸೈಕಲ್ಲೇ?

"ನಿಲ್ಲಿ! ಎಲ್ಲರೂ ನಿಲ್ಲಿ! ಮತ್ತೊಂದು ಸಲ, ಮೊದಲಿಂದ!"

ಹೇಳಿಕೊಟ್ಟಂತೆ ಎಲ್ಲರೂ ನಿಂತರು. ಅಜ್ಜಿಯ ಕುಂಚ ಎಳೆಗಳ ಮೇಲೆ ಗೇಣುದ್ದ ಎತ್ತರದಲ್ಲಿ ನಿಂತಿತ್ತು. "ಯವ್ವಾ, ಒಣಗ್ತೈತಿ..." ಎಂದಳು.

"ಎರಡೇ ನಿಮಿಷ ಅಜ್ಜಿ" ಎಂದು ನಾನು ಸೈಕಲ್ಲಿನ ಯಜಮಾನನನ್ನು ಹುಡುಕಲು ಹೋದೆ. ಸೈಕಲ್ಲು ತೆಗೆಸಿ ವಾಪಸ್ಸು ಬರುವಷ್ಟರಲ್ಲಿ ಎರಡು ನಿಮಿಷ ಐದಾಯಿತು. ಮೇಡಂ ಹೇಳ್ಯಾರ ಎಂದು ಆ ನಾಲ್ಕೂ ಜನ, ತಲೆತಲಾಂತರದಿಂದ ಆ ಕೆಲಸ ಬಲ್ಲವರು, ಕುಂಚ ಎತ್ತಿಕೊಂಡು ಗೊಂಬೆಗಳ ಹಾಗೆ ನಿಂತೇ ಇದ್ದರು. ಬಿಸಿಲು ಏರುತ್ತಿತ್ತು.

ಆ ತುದಿಯಿಂದ ಅವಳ ಕೂಗು ಕೇಳಿಸಿತು. "ನಿಲ್ಲಬ್ಯಾಡ್ರೀ! ತೀಡ್ರಿ! ಯಾರ್ ಹೇಳಿದ್ರು ನಿಲ್ಲಾಕ?" ದುಪಟ್ಟಾ ಸೊಂಟಕ್ಕೆ ಬಿಗಿದು ಓಡಿ ಬಂದಳು. ಅಡ್ಡ ನಿಂತಿದ್ದ ನನ್ನನ್ನು ಮೊಣಕೈಯಿಂದ ಸರಿಸಿದಳು. ಗಂಜಿಯ ಬಾನಿಯಲ್ಲಿದ್ದ ಕುಂಚ ಎತ್ತಿಕೊಂಡವಳೇ ಅಜ್ಜಿಯ ಪಕ್ಕದಲ್ಲಿ ಹಾಸಿನ ಉದ್ದಕ್ಕೂ ತೀಡುತ್ತ ಓಡತೊಡಗಿದಳು. ಎಲ್ಲರಿಗೂ ಮೈಯಲ್ಲಿ ಜೀವ ಬಂದಂತಾಯಿತು. ಐದೂ ಜನ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡಿದರು. ಬಸಣ್ಣ ಗಾಬರಿಯಲ್ಲಿ ಕ್ಯಾಮೆರಾ ಬಂದ್ ಮಾಡುವುದನ್ನೇ ಮರೆತಿದ್ದರು.

ಅರ್ಧ ಹಾಸು ಉಳಿಯಿತು. ಇನ್ನರ್ಧದ ಎಳೆಗಳು ಬೇಯಿಸಿ ಮರೆತಿಟ್ಟ ಶ್ಯಾವಿಗೆಯ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅಜ್ಜಿ ಇಡೀ ಮಳೆಗಾಲ ಕೂತು ನೂತ ನೂಲು ಅದು. ಅವಳು ನನ್ನನ್ನು ಬೈಯಲಿಲ್ಲ. "ನಿನಗ ಗೊತ್ತಿರಲಿಲ್ಲ ಬಿಡು ಯವ್ವಾ" ಎಂದಳು.

ಗೊತ್ತಿತ್ತು. ನನ್ನ ವರದಿಯ ಹದಿನಾಲ್ಕನೆಯ ಪುಟದಲ್ಲಿ ಇತ್ತು. ಆದರೂ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಬಸಣ್ಣನ ಹತ್ತಿರ, "ಮೊದಲೇ ಹೇಳಬೇಕಿತ್ತಲ್ಲ ಇವರು" ಎಂದೆ. ಅವಳಿಗೆ ಕೇಳಿಸಿತು. ಕೈತುಂಬ ಗಂಜಿ, ಹಣೆತುಂಬ ಬೆವರು. "ನೀನ ಬರ್ದೀಯಲ್ಲಲೇ" ಎಂದಳು, ಅಷ್ಟೇ. ಆ ಮೇಲೆ ಎರಡು ದಿನ ಅಲ್ಲೇ ಇದ್ದು, ಅಂಟಿದ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಅಜ್ಜಿಯ ಜೊತೆ ಕೂತಳಂತೆ. ನಾನು ತಲೆನೋವೆಂದು ಹೇಳಿ ಅವತ್ತೇ ಕೊಟ್ಟೂರಿಗೆ ಬಂದುಬಿಟ್ಟೆ, ಕ್ಯಾಸೆಟ್ಟಿನ ಸಮೇತ.

ಬಸಣ್ಣನ ಸ್ಟುಡಿಯೋದಲ್ಲಿ ಕೂತು ಚಿತ್ರ ಜೋಡಿಸಿದೆವು. ಮಗ್ಗದ ದೃಶ್ಯ, ಕುರಿಗಳ ದೃಶ್ಯ, ನನ್ನ ಹಿನ್ನೆಲೆ ಮಾತು, ಎಲ್ಲ ಇದ್ದವು. ಆ ಓಟದ ದೃಶ್ಯ ಬಂದಾಗ ಬಸಣ್ಣ ಕುರ್ಚಿ ಮುಂದಕ್ಕೆಳೆದುಕೊಂಡರು. "ಮೇಡಂ, ಇಡೀ ಕ್ಯಾಸೆಟ್ನಾಗ ಜೀವ ಇರಾದು ಇದೊಂದ್ರಾಗ ನೋಡ್ರಿ." ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿಸಿದೆ. ಮತ್ತೊಮ್ಮೆ ಹಾಕಿಸಿದೆ. ಒಟ್ಟು ಹನ್ನೆರಡು ಸಲ ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಅದನ್ನು ಇಟ್ಟುಕೊಂಡರೆ ಚಿತ್ರ ಎದ್ದು ನಿಲ್ಲುತ್ತಿತ್ತು, ಆದರೆ ಅದು ಅವಳ ಚಿತ್ರವಾಗುತ್ತಿತ್ತು. ಯಾರು ನೋಡಿದರೂ 'ಆ ಹುಡುಗಿ ಯಾರು' ಎಂದೇ ಕೇಳುತ್ತಿದ್ದರು.

"ಬೇಡ, ತೆಗೀರಿ" ಎಂದೆ. 

ಬಸಣ್ಣ ನನ್ನ ಮುಖ ನೋಡಿ ತೆಗೆದರು. ಎಲ್ಲ ಮುಗಿದ ಮೇಲೆ ಮೂಲ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು, "ಇದನ್ನ ಇಟ್ಕಳ್ಳಾದಾ, ಮ್ಯಾಲೆ ಮದುವಿ ತುಂಬಲಾ?" ಎಂದು ಕೇಳಿದರು. ಆಗ ಕ್ಯಾಸೆಟ್ಟುಗಳನ್ನು ಹಾಗೆ ಹಳೆಯದನ್ನು ಅಳಿಸಿ ಮತ್ತೆ ಮತ್ತೆ ಬಳಸುತ್ತಿದ್ದರು.

"ತುಂಬ್ರಿ" ಎಂದೆ.

ಚಿತ್ರವನ್ನು ತರಗತಿಯಲ್ಲಿ ತೋರಿಸಿದರು. ಸರ್ "ಅಚ್ಚುಕಟ್ಟಾಗಿದೆ" ಎಂದರು. ಸತ್ವವಿಲ್ಲದ ಲೇಖನಗಳಿಗೆ ಅವರು ಬಳಸುತ್ತಿದ್ದ ಮಾತು ಅದು, ನಮಗೆಲ್ಲ ಗೊತ್ತಿತ್ತು. ಸಂಶೋಧನೆ, ನಿರ್ದೇಶನ ಎರಡರ ಕೆಳಗೂ ನನ್ನ ಹೆಸರು ಬಂತು. 'ಸಹಾಯ' ಎಂಬುದರ ಕೆಳಗೆ ಸಣ್ಣಕ್ಷರದಲ್ಲಿ ಅವಳದು. ಅವಳು ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ನಾನು ಬಯಸಿದ್ದು ಪೂರ್ತಿ ನನಗೆ ಸಿಕ್ಕಿತ್ತು. ಆದರೂ ಅವಳ ಮೇಲಿನ ಹೊಟ್ಟೆಕಿಚ್ಚು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಓದು ಮುಗಿದ ಮೇಲೆ ಅವಳು ಹಡಗಲಿ ಕಡೆಯ ಒಂದು ಶಾಲೆಯಲ್ಲಿ ಟೀಚರಾದಳು ಎಂದು ಕೇಳಿದೆ. ರಜೆ ಬಂದಾಗಲೆಲ್ಲ ಕಂಬಳಿ ಓಣಿಗೆ ಹೋಗಿ ಇದ್ದು ಬರುತ್ತಾಳೆ ಎಂದೂ ಕೇಳಿದೆ. ವರದಿ ಕೊಟ್ಟಾಯಿತು, ಚಿತ್ರ ಮುಗಿಯಿತು, ಇನ್ನೂ ಯಾಕೆ ಹೋಗುತ್ತಾಳೆ? ಅವಳ ನಾಲ್ಕು ಪುಟದ ವರದಿಯ ಕೊನೆಯ ಎರಡು ಪುಟ ಇನ್ನೂ ಮುಗಿದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ, ನಾನೇ ಮಕ್ಕಳಿಗೆ ಸಂಶೋಧನೆಯ ಪಾಠ ಮಾಡಲು ನಿಂತಾಗ.

ನಾವು ಕೊನೆಯ ಸಲ ಭೇಟಿಯಾದದ್ದು ಚಿತ್ರ ಮುಗಿದು ಮೂರು ವರ್ಷದ ನಂತರ, ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ. ನನ್ನನ್ನು ಹುಡುಕಿಕೊಂಡೇ ಬಂದಿದ್ದಳು. ಮನೆಗೆ ಹೋದರೆ ಅವ್ವ ನಾನು ಬಸ್ಸಿಗೆ ಹೋಗಿದ್ದೇನೆಂದು ಹೇಳಿದಳಂತೆ. ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು.

"ಅಜ್ಜಿ ಹೋಗಿಬಿಟ್ಲಲೇ" ಎಂದಳು. ಕಣ್ಣು ಕೆಂಪಗಾಗಿದ್ದವು. "ಇವತ್ತಿಗೆ ಎಂಟು ದಿನ ಆತು. ಮನ್ಯಾಗ ಒಂದ್ ಫೋಟೋ ಇಲ್ಲ. ವೋಟಿನ ಚೀಟಿ ಫೋಟೋ ಐತಿ, ಅದರಾಗ ಅಜ್ಜಿ ಯಾವುದು ಗ್ವಾಡಿ ಯಾವುದು ಗೊತ್ತಾಗಂಗಿಲ್ಲ. ನಿನ್ನ ಚಿತ್ರದಾಗ ಅಜ್ಜಿ ಕೈ ಬಂದಾವ, ಬೆನ್ನು ಬಂದೈತಿ, ಮುಖ ಬಂದಿಲ್ಲ. ಅವತ್ತು ಹಾಸು ಉಳಿಸಾಕ ಓಡಿದ್ವಲ್ಲ, ಬಸಣ್ಣ ಬಂದ್ ಮಾಡಿರಲಿಲ್ಲಂತ. ಅದರಾಗ ಅಜ್ಜಿ ನನ್ನ ಬಾಜೂಕ ಇದ್ಲು. ಆ ಕ್ಯಾಸೆಟ್ ಎಲ್ಲೈತಿ ಅಂತ ನಿನ್ನ ಕೇಳು ಅಂದ್ರು ಬಸಣ್ಣ. ನಿಂಗಮ್ಮ ಅದೊಂದ ತಗಂಬಾ ಅಂತ ಕಳಿಸ್ಯಾಳ."

ಬಸಣ್ಣ ಅವಳಿಗೆ ನಿಜ ಹೇಳಿರಲಿಲ್ಲ. ಹೇಳುವ ಕೆಲಸವನ್ನು ನನಗೆ ಬಿಟ್ಟಿದ್ದರು. ಅಜ್ಜಿಯ ಮುಖದ ಮೇಲೆ ಯಾರ ಮದುವೆ ತುಂಬಿದೆಯೋ, ಯಾರ ತಲೆಯ ಮೇಲೆ ಅಕ್ಕಿಕಾಳು ಬೀಳುತ್ತಿದೆಯೋ ನನಗೆ ಗೊತ್ತಿರಲಿಲ್ಲ.

"ಅದು ಬೂಷ್ಟು ಹಿಡಿದು ಹಾಳಾತಲೇ" ಎಂದೆ.

ನಂಬಿದಳು. ನನ್ನ ಕೈ ಹಿಡಿದುಕೊಂಡಳು. "ಅಯ್ಯೋ, ಅಷ್ಟು ಕಷ್ಟಪಟ್ಟು ತಗಿಸಿದ್ದಿ. ನಿನಗೂ ಎಷ್ಟು ಬ್ಯಾಸರ ಆಗಿರಬೇಕು" ಎಂದಳು. ಅವಳ ಬಸ್ಸು ಬಂದು ನಿಂತಿತ್ತು. ಹೋಗಲು ಎರಡು ಹೆಜ್ಜೆ ಇಟ್ಟವಳು ತಿರುಗಿ ಬಂದಳು.

"ನೀನು ನೋಡಿದ್ದಿಯಲ್ಲ ಅದನ್ನ? ಹಾಳಾಗೋಕಿಂತ ಮೊದ್ಲು?"

"ಹೂಂ."

"ನಾ ಅವತ್ತು ಎಳಿ ನೋಡ್ಕೋತ ಓಡಿದ್ನಿ, ಅಜ್ಜಿ ಮುಖ ನೋಡ್ಲೇ ಇಲ್ಲ. ಹೆಂಗಿದ್ಲು ಅದರಾಗ? ಅಳಾಕತ್ತಿದ್ಲಾ? ಸಿಟ್ಟಾಗಿದ್ಲಾ? ಬಾಯ್ಲೆ ಹೇಳಿದ್ರ ಸಾಕು, ನಿಂಗಮ್ಮಗ ಹೋಗಿ ಹಂಗ ಹೇಳ್ತೀನಿ."

ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಎಲ್ಲ ಸ್ಪಷ್ಟವಾಗಿ ಬಂತು. ಸೊಂಟಕ್ಕೆ ಬಿಗಿದ ಹಸಿರು ದುಪಟ್ಟಾ, ಹಣೆಗೆ ಅಂಟಿದ ಕೂದಲು, ಗಂಜಿ ಮೆತ್ತಿದ ಬೆರಳು, ತೆರೆದ ಬಾಯಿ. ಪಕ್ಕದಲ್ಲಿ ಯಾರದೋ ಮೊಣಕೈ, ಯಾರದೋ ಸೆರಗು. ಅದರ ಮೇಲೆ ಒಂದು ಮುಖ ಇದ್ದಿರಲೇಬೇಕು.

"ನಗ್ತಿದ್ಲು" ಎಂದೆ.

ಅವಳ ಮುಖ ಅರಳಿತು. "ನಗ್ತಿದ್ಲಾ! ನಂಗ ಗೊತ್ತಿತ್ತು!" ಎಂದು ಓಡಿ ಹೋಗಿ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಬೀಸಿದಳು, ನಾನೂ ಬೀಸಿದೆ.

ಆ ದೃಶ್ಯವನ್ನು ಹನ್ನೆರಡು ಸಲ ನೋಡಿದ್ದೆ. ಹನ್ನೆರಡು ಸಲವೂ ಇವಳನ್ನೇ ನೋಡಿದ್ದೆ.